ಪೋರ್ಟ್‌ಲ್ಯಾಂಡ್ ವಾಸ್: ನೆಂಟರು, ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಯಾರಾದರೂ ಲಂಡನ್ನಿಗೆ ಬಂದರೆ ಒಂದು ದಿನ ಬ್ರಿಟಿಷ್ ಮ್ಯೂಸಿಯಂಗೆ ಮೀಸಲು. ಮಮ್ಮಿಗಳನ್ನು ನೋಡಿ ಮುಗಿಯುವಷ್ಟರಲ್ಲಿ ಎಲ್ಲರಿಗೂ ಕಾಲು ನೋವು, ಕಾಫಿ ಆಸೆ. ಆಗಲೇ ನಾನು ಅವರನ್ನು ಅದೇ ಮಹಡಿಯ 70ನೇ ಕೋಣೆಗೆ ಎಳೆದುಕೊಂಡು ಹೋಗುತ್ತೇನೆ. ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಕಡುನೀಲಿ ಪಾತ್ರೆ ಇದೆ. ಅದರ ಮುಂದೆ ನಿಂತು ಅವರು ಕೇಳಿದ್ದು, ಆಮೇಲೆ ಫೋನಿನಲ್ಲಿ, ಪತ್ರದಲ್ಲಿ ಕೇಳಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಬಿಟ್ಟಿದ್ದೇನೆ.

## ಮೊದಲ ನೋಟಕ್ಕೆ

ಏನಪ್ಪಾ ಇದು, ಬರೀ ಒಂದು ಹೂಜಿ ಅಲ್ವಾ? ಇದಕ್ಕೆ ಇಷ್ಟು ದೂರ ನಡೆಸಿದ್ಯಾ?

ಹೂಜಿಯೇ. ಎತ್ತರ ಸುಮಾರು 24 ಸೆಂಟಿಮೀಟರ್, ಹೊಟ್ಟೆಯ ಅಗಲ ಸುಮಾರು 18. ನೀರಿನ ಬಾಟಲಿಗಿಂತ ಕುಳ್ಳ, ಆದರೆ ದಪ್ಪ. ಎರಡು ಹಿಡಿ. ಮೈ ಪೂರ್ತಿ ಕಡುನೀಲಿ, ಅದರ ಮೇಲೆ ಬಿಳಿ ಮನುಷ್ಯರು, ಮರ, ಬಂಡೆ. ಚಿನ್ನ ಇಲ್ಲ, ರತ್ನ ಇಲ್ಲ. ಇದನ್ನು ರೋಮನ್ನರು ಮಾಡಿ ಸುಮಾರು 2000 ವರ್ಷ ಆಯಿತು. ಬಾಯಿಂದ ಗಾಳಿ ಊದಿ ಉಬ್ಬಿಸಿದ ಗಾಜು ಇದು. ಇಂಥ ಎರಡು ಬಣ್ಣದ ಕೆತ್ತನೆಯ ರೋಮನ್ ಪಾತ್ರೆಗಳಲ್ಲಿ ಹೆಚ್ಚುಕಡಿಮೆ ಇಡಿಯಾಗಿ ಉಳಿದಿರುವುದು ಇಡೀ ಪ್ರಪಂಚದಲ್ಲಿ ಹದಿನೈದರ ಆಸುಪಾಸು. ಅವುಗಳಲ್ಲಿ ಇದಕ್ಕೇ ಹೆಸರು ಜಾಸ್ತಿ.

ಇದು ಕಲ್ಲಲ್ವಾ? ಗಾಜು ಅಂದ್ರೆ ನಂಬೋಕೆ ಆಗ್ತಿಲ್ಲ.

ನೀವೊಬ್ಬರೇ ಅಲ್ಲ. 17ನೇ ಶತಮಾನದಲ್ಲಿ ಇದನ್ನು ನೋಡಿದ ದೊಡ್ಡ ದೊಡ್ಡ ಪಂಡಿತರೂ ಇದು ಅಗೇಟ್ ತರಹದ ಕಲ್ಲು ಅಂತಲೇ ಬರೆದಿಟ್ಟರು. ಅವರ ತಪ್ಪೂ ಅಲ್ಲ. ಪದರ ಪದರವಾಗಿ ಬಣ್ಣ ಇರುವ ಕಲ್ಲನ್ನು ಕೆತ್ತಿ, ಮೇಲಿನ ಬಿಳಿ ಪದರದಲ್ಲಿ ಚಿತ್ರ ಉಳಿಸಿ, ಕೆಳಗಿನ ಕಪ್ಪು ಪದರವನ್ನು ಹಿನ್ನೆಲೆಯಾಗಿ ಬಿಡುವ ಕಲೆ ಆಗ ಎಲ್ಲರಿಗೂ ಗೊತ್ತಿತ್ತು. ಅದಕ್ಕೆ ಕ್ಯಾಮಿಯೊ ಅನ್ನುತ್ತಾರೆ. ರೋಮನ್ ಕುಶಲಿಗಳು ಅದನ್ನೇ ಗಾಜಿನಲ್ಲಿ ಮಾಡಿ ತೋರಿಸಿದರು.

ಗಾಜು ಅಂತ ಕಣ್ಣಾರೆ ಕಾಣಬೇಕಾದರೆ ಹೀಗೆ ಮಾಡಿ. ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಸ್ವಲ್ಪ ಬಗ್ಗಿ. ಬೆಳಕು ಹಿಂದಿನಿಂದ ಬೀಳುವ ಜಾಗದಲ್ಲಿ ಕಪ್ಪಾಗಿ ಕಂಡದ್ದು ನೀಲಿಯಾಗುತ್ತದೆ. ಇಂಕಿನ ಬಾಟಲಿಯನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದೆವಲ್ಲ, ಆ ನೀಲಿ.

ಪೋರ್ಟ್‌ಲ್ಯಾಂಡ್ ಅಂದ್ರೆ ಅಮೆರಿಕದ ಊರಾ, ಸಿಮೆಂಟಾ?

ಎರಡೂ ಅಲ್ಲ. ಇಂಗ್ಲೆಂಡಿನ ಒಂದು ಶ್ರೀಮಂತ ಮನೆತನದ ಬಿರುದು, ಪೋರ್ಟ್‌ಲ್ಯಾಂಡ್ ಡ್ಯೂಕ್. ಅದಕ್ಕೂ ಮುಂಚೆ ಇದರ ಹೆಸರು ಬಾರ್ಬೆರಿನಿ ವಾಸ್. ಯಾರ ಮನೆಯಲ್ಲಿತ್ತೋ ಅವರ ಹೆಸರು.

ಗಟ್ಟಿ ದಾಖಲೆ ಶುರುವಾಗುವುದು 1600ರ ಹೊತ್ತಿಗೆ, ರೋಮ್‌ನಲ್ಲಿ ಕಾರ್ಡಿನಲ್ ಡೆಲ್ ಮಾಂಟೆ ಅವರ ಸಂಗ್ರಹದಲ್ಲಿ. ಅವರು ತೀರಿಕೊಂಡ ಮೇಲೆ ಬಾರ್ಬೆರಿನಿ ಮನೆತನ ಕೊಂಡಿತು. ಅಲ್ಲಿ ಸುಮಾರು 150 ವರ್ಷ ಇತ್ತು. ಆಮೇಲೆ ಆ ಮನೆಯ ರಾಜಕುಮಾರಿಯೊಬ್ಬಳು ಇಸ್ಪೀಟಿನ ಸಾಲ ತೀರಿಸೋಕೆ ಮಾರಿದಳು ಅಂತ ಹೇಳುತ್ತಾರೆ. ಕೊಂಡವನು ಸ್ಕಾಟ್ಲೆಂಡಿನ ವ್ಯಾಪಾರಿ ಜೇಮ್ಸ್ ಬೈರ್ಸ್. ಅವನಿಂದ ನೇಪಲ್ಸ್‌ನಲ್ಲಿ ಬ್ರಿಟನ್ನಿನ ರಾಯಭಾರಿಯಾಗಿದ್ದ ಸರ್ ವಿಲಿಯಂ ಹ್ಯಾಮಿಲ್ಟನ್ 1,000 ಪೌಂಡಿಗೆ ಕೊಂಡರು. 1784ರಲ್ಲಿ ಅದು ಪೋರ್ಟ್‌ಲ್ಯಾಂಡ್ ಡಚೆಸ್ ಕೈ ಸೇರಿತು. ಪಾಪ, ಮರುವರ್ಷವೇ ಆಕೆ ತೀರಿಕೊಂಡರು. 1786ರಲ್ಲಿ ಆಕೆಯ ಸಂಗ್ರಹವೆಲ್ಲ ಹರಾಜಿಗೆ ಬಂತು. ಹರಾಜಿನಲ್ಲಿ ಇದನ್ನು ಕೂಗಿ ಕೊಂಡವರು ಬೇರೆ ಯಾರೂ ಅಲ್ಲ, ಆಕೆಯ ಮಗ, ಮೂರನೇ ಡ್ಯೂಕ್. ಅಮ್ಮನ ವಸ್ತುವಿಗೆ 980 ಗಿನಿ (ಒಂದು ಗಿನಿ ಅಂದರೆ ಪೌಂಡಿಗಿಂತ ಸ್ವಲ್ಪ ಜಾಸ್ತಿ) ಕೊಟ್ಟ. 1810ರಲ್ಲಿ ಇಟ್ಟುಕೊಳ್ಳಿ ಅಂತ ಮ್ಯೂಸಿಯಂಗೆ ಬಿಟ್ಟರು, ಆದರೆ ಒಡೆತನ ಮನೆತನದ್ದೇ ಆಗಿತ್ತು. ಮ್ಯೂಸಿಯಂ ಪೂರ್ತಿಯಾಗಿ ಕೊಂಡದ್ದು 1945ರಲ್ಲಿ.

ಈಗ ಮಾರಿದ್ರೆ ಎಷ್ಟು ಬರುತ್ತೆ?

ನಮ್ಮವರು ಮೊದಲ ಹತ್ತು ನಿಮಿಷದಲ್ಲೇ ಕೇಳುವ ಪ್ರಶ್ನೆ. ಮಾರಾಟಕ್ಕಿಲ್ಲ, ಹಾಗಾಗಿ ಬೆಲೆಯೂ ಇಲ್ಲ. 1929ರಲ್ಲಿ ಆಗಿನ ಡ್ಯೂಕ್ ಕ್ರಿಸ್ಟೀಸ್ ಹರಾಜಿಗೆ ಇಟ್ಟಿದ್ದರು. ಅವರು ಅಂದುಕೊಂಡಷ್ಟು ಬೆಲೆ ಬರಲಿಲ್ಲ, ವಾಪಸ್ ಮ್ಯೂಸಿಯಂಗೇ ಬಂತು.

## ಮಾಡಿದ್ದು ಹೇಗೆ

ಗಾಜು ಊದೋದು ಅಂದ್ರೆ ಏನು? ಬಲೂನ್ ಊದಿದ ಹಾಗಾ?

ಹೆಚ್ಚುಕಡಿಮೆ ಹಾಗೇ. ಅಜ್ಜಿ ಮನೆಯ ಒಲೆ ಮುಂದಿದ್ದ ಊದುಗೊಳವೆ ನೆನಪಿದೆಯಾ? ಅಂಥದ್ದೇ ಕಬ್ಬಿಣದ ಕೊಳವೆ, ಆದರೆ ಉದ್ದ ಜಾಸ್ತಿ. ಅದರ ತುದಿಯನ್ನು ಕುಲುಮೆಯಲ್ಲಿ ಕರಗಿದ ಗಾಜಿಗೆ ಅದ್ದಿ ತಿರುಗಿಸಿದರೆ ಜೋನಿಬೆಲ್ಲದ ಹಾಗೆ ಒಂದು ಮುದ್ದೆ ಅಂಟಿಕೊಳ್ಳುತ್ತದೆ. ಈ ತುದಿಯಿಂದ ಊದಿದರೆ ಆ ತುದಿಯಲ್ಲಿ ಗುಳ್ಳೆ ಏಳುತ್ತದೆ. ಕೊಳವೆಯನ್ನು ತಿರುಗಿಸುತ್ತಲೇ ಇರಬೇಕು, ನಿಲ್ಲಿಸಿದರೆ ಗಾಜು ಒಂದು ಕಡೆಗೆ ಜೋತು ಬೀಳುತ್ತದೆ. ಆರಿದರೆ ಮತ್ತೆ ಬೆಂಕಿಗೆ.

ಇದು ಹುಟ್ಟಿದ್ದು ರೋಮ್‌ನಲ್ಲಲ್ಲ. ಕ್ರಿಸ್ತಪೂರ್ವ ಒಂದನೇ ಶತಮಾನದಲ್ಲಿ ಸಿರಿಯಾ, ಪ್ಯಾಲೆಸ್ಟೀನ್ ಕಡೆ. ಆ ಕಾಲದ ಊದಿದ ಗಾಜಿನ ಚೂರುಗಳು ಜೆರುಸಲೇಮಿನಲ್ಲಿ ಸಿಕ್ಕಿವೆ, ಗಾಜಿನದೇ ಸಣ್ಣ ಕೊಳವೆಗಳ ಸಮೇತ. ಅದಕ್ಕೂ ಮುಂಚೆ ಗಾಜು ಅಂದರೆ ಅಚ್ಚಿನಲ್ಲಿ ಒತ್ತಬೇಕು, ಇಲ್ಲ ಒಂದು ತಿರುಳಿನ ಸುತ್ತ ಸುತ್ತಬೇಕು. ನಿಧಾನದ ಕೆಲಸ, ಹಾಗಾಗಿ ದುಬಾರಿ. ಊದುವುದು ಬಂದ ಮೇಲೆ ಗಾಜು ಬಡವರ ಮನೆಗೂ ಹೋಯಿತು. ರೋಮನ್ ಚಕ್ರವರ್ತಿ ಆಗಸ್ಟಸ್ ಕಾಲದ ಗ್ರೀಕ್ ಬರಹಗಾರ ಸ್ಟ್ರಾಬೊ, ರೋಮ್‌ನಲ್ಲಿ ಒಂದು ತಾಮ್ರದ ಕಾಸಿಗೆ ಗಾಜಿನ ಲೋಟ ಸಿಗುತ್ತದೆ ಅಂತ ಬರೆದಿದ್ದಾನೆ. ಹೀಗೆ ಕಾಸಿಗೊಂದು ಸಿಗುವ ಮಾಲಿನಲ್ಲೇ ಯಾರೋ ಒಬ್ಬ ದುಡ್ಡಿದ್ದವನಿಗೆ ತನ್ನ ಪಾತ್ರೆ ಬೇರೆ ತರಹ ಇರಬೇಕು ಅನ್ನಿಸಿತು ನೋಡಿ, ನಮ್ಮ ಪಾತ್ರೆ ಹುಟ್ಟಿದ್ದು ಅಲ್ಲಿ.

ನೀಲಿ ಮೇಲೆ ಬಿಳಿ ಬಣ್ಣ ಬಳಿದಿದ್ದಾರಾ?

ಬಣ್ಣವಲ್ಲ, ಅದೂ ಗಾಜೇ. ಹೆಚ್ಚಿನವರು ಒಪ್ಪುವ ವಿವರಣೆ ಇದು. ಮೊದಲು ನೀಲಿ ಗಾಜಿನ ಗುಳ್ಳೆಯನ್ನು ಅರ್ಧ ಊದಿದರು. ಅದನ್ನು ಭುಜದವರೆಗೆ ಕರಗಿದ ಬಿಳಿ ಗಾಜಿಗೆ ಅದ್ದಿ ತೆಗೆದರು, ಬೋಂಡಾ ಮಾಡುವಾಗ ಆಲೂಗಡ್ಡೆ ಉಂಡೆಯನ್ನು ಹಿಟ್ಟಿಗೆ ಅದ್ದಿದ ಹಾಗೆ. ಆಮೇಲೆ ಎರಡನ್ನೂ ಒಟ್ಟಿಗೆ ಊದಿ ದೊಡ್ಡದು ಮಾಡಿದರು. ಅದ್ದಿದ್ದು ಭುಜದವರೆಗೆ ಮಾತ್ರ ಅನ್ನೋಕೆ ಗುರುತು ಇದೆ: ಕೊರಳಲ್ಲಿ ಬಿಳಿಯೇ ಇಲ್ಲ. ಹಿಡಿಗಳನ್ನು ಆಮೇಲೆ ಬಿಸಿಯಲ್ಲೇ ಅಂಟಿಸಿದರು. ನೀಲಿ ಬಂದದ್ದು ಚಿಟಿಕೆ ಕೋಬಾಲ್ಟಿನಿಂದ, ಬೆಳಕು ತೂರದ ಬಿಳಿ ಬಂದದ್ದು ಆಂಟಿಮನಿಯಿಂದ.

ಇಲ್ಲೊಂದು ತೊಡಕಿದೆ. ಎರಡು ಗಾಜುಗಳು ಆರುವಾಗ ಒಂದೇ ಪ್ರಮಾಣದಲ್ಲಿ ಕುಗ್ಗಬೇಕು. ಒಂದು ಜಾಸ್ತಿ, ಒಂದು ಕಡಿಮೆ ಕುಗ್ಗಿದರೆ ಮುಗೀತು, ತಾನೇ ಬಿರುಕು ಬಿಡುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಕಣ್ಣಳತೆ, ಕೈಯಳತೆಯಲ್ಲೇ ಇದನ್ನು ಸಾಧಿಸಿದರು.

ಆಮೇಲಿನ ಕೆಲಸ ಊದುವವನದಲ್ಲ, ಹರಳು ಕೆತ್ತುವವನದು. ಬೇಡದ ಬಿಳಿಯನ್ನೆಲ್ಲ ಕೊರೆದು, ಉಜ್ಜಿ ತೆಗೆದು, ಬೇಕಾದ ಬಿಳಿಯನ್ನು ಮಾತ್ರ ಉಳಿಸಬೇಕು. ಇಲ್ಲಿ ನಿಮ್ಮ ಮೂಗು ಪೆಟ್ಟಿಗೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿ (ಕಾವಲಿನವರು ಗದರದಷ್ಟು). ತೋಳು, ತೊಡೆ ಇರುವಲ್ಲಿ ಬಿಳಿ ದಪ್ಪ, ಹಾಲಿನ ಹಾಗೆ. ಬಟ್ಟೆಯ ನೆರಿಗೆ ಒಳಗೆ ಹೋಗುವಲ್ಲಿ, ಹಿಂದೆ ಸರಿದ ಜಾಗಗಳಲ್ಲಿ ಬಿಳಿಯನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಉಜ್ಜಿದ್ದಾನೆ. ಅಡಿಯ ನೀಲಿ ಅಲ್ಲಿಂದ ಇಣುಕಿ ತಿಳಿ ಬೂದಿಯ ನೆರಳಾಗುತ್ತದೆ. ಅವನ ಹತ್ತಿರ ಇದ್ದದ್ದು ಎರಡೇ ಬಣ್ಣ, ಆದರೆ ನಮಗೆ ಕಾಣುವುದು ಹತ್ತು. ನನ್ನ ಮಟ್ಟಿಗೆ ಈ ಪಾತ್ರೆಯ ಸೊಗಸೆಲ್ಲ ಈ ನೆರಳಿನಲ್ಲಿದೆ. ಫೋಟೋದಲ್ಲಿ ಇದು ಬರುವುದಿಲ್ಲ.

ಕೆತ್ತೋಕೆ ಎಷ್ಟು ದಿನ ಹಿಡಿದಿರಬಹುದು?

ಅಂದಾಜಿಗೆ ಒಂದು ದಾರಿ ಇದೆ. 1870ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ನಾರ್ತ್‌ವುಡ್ ಗಾಜಿನಲ್ಲೇ ಇದರ ನಕಲು ಕೆತ್ತಿದರು. ನೀಲಿ-ಬಿಳಿ ಪಾತ್ರೆ ಮಾಡಿಕೊಟ್ಟದ್ದು ಅವರ ನೆಂಟ ಫಿಲಿಪ್ ಪಾರ್ಗೆಟರ್. ಕೆತ್ತನೆಗೆ ಮೂರು ವರ್ಷ ಹಿಡಿಯಿತು, 1876ರಲ್ಲಿ ಮುಗಿಯಿತು. ನಡುವೆ ಬಿರುಕೂ ಬಿಟ್ಟಿತು. ಆ ನಕಲು ಈಗ ಅಮೆರಿಕದ ಕಾರ್ನಿಂಗ್ ಗಾಜಿನ ಮ್ಯೂಸಿಯಂನಲ್ಲಿದೆ.

ಮಾಡಿದವರ ಹೆಸರು ಎಲ್ಲಾದ್ರೂ ಬರೆದಿದೆಯಾ?

ಇಲ್ಲ. ರೋಮನ್ ಗಾಜಿನವರಲ್ಲಿ ಕೆಲವರು ಹೆಸರು ಹಾಕುತ್ತಿದ್ದರು. ಎನ್ನಿಯನ್ ಅನ್ನುವವನು ಅಚ್ಚಿನೊಳಗೆ ಊದಿದ ಲೋಟ, ಹೂಜಿಗಳ ಮೇಲೆ ಗ್ರೀಕ್ ಅಕ್ಷರದಲ್ಲಿ ‘ಎನ್ನಿಯನ್ ಮಾಡಿದ’ ಅಂತ ಮೂಡಿಸುತ್ತಿದ್ದ. ನಮ್ಮ ಪಾತ್ರೆಯವರು ಏನೂ ಬರೆಯಲಿಲ್ಲ.

ಪಕ್ಕದ ಪೆಟ್ಟಿಗೆಗಳ ರೋಮನ್ ಸೀಸೆಗಳೆಲ್ಲ ಕಾಮನಬಿಲ್ಲಿನ ಹಾಗೆ ಮಿನುಗುತ್ತೆ. ಇದ್ಯಾಕೆ ಮಿನುಗಲ್ಲ?

ಆ ಮಿನುಗು ಮಾಡಿದವರು ಕೊಟ್ಟದ್ದಲ್ಲ, ಮಣ್ಣು ಕೊಟ್ಟದ್ದು. ನೂರಾರು ವರ್ಷ ತೇವದ ಮಣ್ಣಲ್ಲಿ ಹೂತಿದ್ದ ಗಾಜಿನ ಮೇಲ್ಮೈಯಿಂದ ಕ್ಷಾರ ಕರಗಿ ಹೋಗುತ್ತದೆ, ಅಭ್ರಕದಂಥ ತೆಳು ಪದರಗಳು ಉಳಿಯುತ್ತವೆ. ಬೆಳಕು ಆ ಪದರಗಳಲ್ಲಿ ಒಡೆದು ಬಣ್ಣವಾಗುತ್ತದೆ, ರಸ್ತೆಯ ನೀರಿನ ಮೇಲೆ ಬಿದ್ದ ಪೆಟ್ರೋಲಿನ ಹಾಗೆ. ಒಂದು ರೀತಿಯಲ್ಲಿ ಅದು ಗಾಜಿನ ರೋಗ. ಅಂಗಡಿಗಳಲ್ಲಿ ಅದಕ್ಕೇ ಜಾಸ್ತಿ ದುಡ್ಡು! ನಮ್ಮ ಪಾತ್ರೆಗೆ ಆ ರೋಗ ಬಡಿದಿಲ್ಲ.

## ಒಡೆದದ್ದು, ಅಂಟಿಸಿದ್ದು

ಯಾರೋ ಕುಡುಕ ಇದನ್ನ ಒಡೆದು ಹಾಕಿದ ಅಂತಾರಲ್ಲ, ನಿಜಾನಾ?

ನಿಜ. 1845ರ ಫೆಬ್ರವರಿ 7, ಮಧ್ಯಾಹ್ನ. ಒಬ್ಬ ಯುವಕ ಹತ್ತಿರದಲ್ಲಿದ್ದ ಕಲ್ಲಿನ ಶಿಲ್ಪವೊಂದನ್ನು ಎತ್ತಿ ಪೆಟ್ಟಿಗೆಯ ಮೇಲೆ ಎಸೆದ. ಪೆಟ್ಟಿಗೆಯೂ ಹೋಯಿತು, ಒಳಗಿದ್ದ ಪಾತ್ರೆಯೂ ಹೋಯಿತು. ಹೆಸರು ಕೇಳಿದರೆ ವಿಲಿಯಂ ಲಾಯ್ಡ್ ಅಂದ. ನಿಜವಾದ ಹೆಸರು ವಿಲಿಯಂ ಮಲ್ಕಾಹಿ, ಡಬ್ಲಿನ್ನಿನ ವಿದ್ಯಾರ್ಥಿ ಅಂತ ಆಮೇಲೆ ಗೊತ್ತಾಯಿತು. ಒಂದು ವಾರದಿಂದ ಕುಡಿಯುತ್ತಿದ್ದೆ ಅಂತ ಅವನೇ ಒಪ್ಪಿಕೊಂಡ.

ಅಸಲಿ ತಮಾಷೆ ಕೋರ್ಟಿನಲ್ಲಿ. ಆಗಿನ ಕಾನೂನು 5 ಪೌಂಡಿಗಿಂತ ಹೆಚ್ಚು ಬೆಲೆಯ ವಸ್ತುವಿಗೆ ಅನ್ವಯಿಸುತ್ತಿರಲಿಲ್ಲ! ಪಾತ್ರೆ ಅಮೂಲ್ಯ, ಹಾಗಾಗಿ ಪಾತ್ರೆ ಒಡೆದದ್ದಕ್ಕೆ ಆ ಕಾನೂನಿನಲ್ಲಿ ಶಿಕ್ಷೆ ಇಲ್ಲ. ಶಿಕ್ಷೆ ಆದದ್ದು ಹೊರಗಿನ ಪೆಟ್ಟಿಗೆ ಒಡೆದದ್ದಕ್ಕೆ. 3 ಪೌಂಡ್ ದಂಡ, ಇಲ್ಲದಿದ್ದರೆ ಎರಡು ತಿಂಗಳು ಜೈಲು. ಹೆಸರು ಹೇಳದ ಯಾರೋ ಒಬ್ಬರು ದಂಡ ಕಟ್ಟಿ ಬಿಡಿಸಿದರು. ಹುಡುಗನ ಮನೆಯವರು ಬಡವರು ಅಂತ ಗೊತ್ತಾಗಿ ಡ್ಯೂಕ್ ಕೂಡ ಬೇರೆ ದಾವೆ ಹಾಕಲಿಲ್ಲ.

ಅಷ್ಟು ಚೂರಾದದ್ದನ್ನ ಹೇಗೆ ಜೋಡಿಸಿದ್ರು? ಬಿರುಕೇ ಕಾಣಲ್ಲ.

ಒಂದು ಸಲ ಅಲ್ಲ, ಮೂರು ಸಲ ಜೋಡಿಸಿದ್ದಾರೆ.

ಮೊದಲ ಸಲ 1845ರಲ್ಲೇ, ಮ್ಯೂಸಿಯಂನ ಜಾನ್ ಡಬಲ್‌ಡೇ. ಸೆಪ್ಟೆಂಬರ್ ಹೊತ್ತಿಗೆ ಪಾತ್ರೆ ಮತ್ತೆ ನಿಂತಿತು. ಆದರೆ 37 ಸಣ್ಣ ಚೂರುಗಳಿಗೆ ಜಾಗ ಸಿಗಲಿಲ್ಲ. ಅವನ್ನಿಡಲು 37 ಗೂಡಿನ ಪೆಟ್ಟಿಗೆ ಮಾಡಿಸೋಣ ಅಂತ ಒಬ್ಬ ಪೆಟ್ಟಿಗೆ ಮಾಡುವವನಿಗೆ ಕೊಟ್ಟರು. ಅಲ್ಲಿಗೆ ಚೂರುಗಳ ಸುದ್ದಿಯೇ ಇಲ್ಲ. ನೂರು ವರ್ಷ ಕಳೆದು 1948ರಲ್ಲಿ, ಯಾರೋ ಒಬ್ಬರು ‘ಇವು ಏನು ಅಂತ ಹೇಳ್ತೀರಾ’ ಅಂತ ಒಂದು ಪೆಟ್ಟಿಗೆ ಚೂರುಗಳನ್ನು ಮ್ಯೂಸಿಯಂಗೆ ತಂದು ತೋರಿಸಿದರು. ಅವೇ 37!

ಅಷ್ಟರಲ್ಲಿ ಹಳೆಯ ಅಂಟು ಹಳದಿಯಾಗಿತ್ತು. 1948-49ರಲ್ಲಿ ಎರಡನೇ ಸಲ ಬಿಚ್ಚಿ ಅಂಟಿಸಿದರು. ಸಿಕ್ಕ 37ರಲ್ಲಿ ಮೂರಕ್ಕೆ ಮಾತ್ರ ಜಾಗ ಗೊತ್ತಾಯಿತು. ಆ ಅಂಟೂ ಬಾಳಲಿಲ್ಲ. 1980ರ ದಶಕದಲ್ಲಿ ಮೆಲ್ಲಗೆ ತಟ್ಟಿದರೆ ಚೂರುಗಳು ಗಲಗಲ ಅನ್ನುತ್ತಿದ್ದವು.

ಮೂರನೇ ಸಲದ್ದು 1988-89ರಲ್ಲಿ, ನೈಜೆಲ್ ವಿಲಿಯಮ್ಸ್ ಮತ್ತು ಸಾಂಡ್ರಾ ಸ್ಮಿತ್ ಕೈಯಲ್ಲಿ. ಪಾತ್ರೆಗೆ ಒಳಗೂ ಹೊರಗೂ ಒತ್ತುಕಾಗದ ಸುತ್ತಿ, ಮುಚ್ಚಿದ ಗಾಜಿನ ಡಬ್ಬಿಯಲ್ಲಿಟ್ಟು, ಅಂಟು ಕರಗಿಸುವ ದ್ರಾವಣ ಹಾಕಿ ಮೂರು ದಿನ ಬಿಟ್ಟರು. ತೆಗೆದು ನೋಡಿದರೆ 189 ಚೂರು. ಎಷ್ಟೋ ಅಂಟುಗಳನ್ನು ಪರೀಕ್ಷೆ ಮಾಡಿ, ವರ್ಷ ಕಳೆದರೂ ಬಣ್ಣ ಕೆಡದ ಎಪಾಕ್ಸಿಯನ್ನು ಆರಿಸಿದರು. ಹಿಂದಿನವರು ಕೆಲವು ಚೂರುಗಳ ಅಂಚನ್ನು ಅರದಿಂದ ಉಜ್ಜಿ ಸಪಾಟು ಮಾಡಿದ್ದೂ ಆಗ ಗೊತ್ತಾಯಿತು. ಈ ಸಲ ಕೆಲವು ಸಣ್ಣ ಸೀಳುಗಳನ್ನು ಬಿಟ್ಟು ಎಲ್ಲಕ್ಕೂ ಜಾಗ ಸಿಕ್ಕಿತು. ಸಂದುಗಳಿಗೆ ನೀಲಿ, ಬಿಳಿ ರಾಳ ತುಂಬಿದರು.

ಹಾಗಾದ್ರೆ ನಾವು ನೋಡ್ತಿರೋದು ಅಸಲೀನಾ, ಡೂಪ್ಲಿಕೇಟಾ?

ಅಸಲಿಯೇ. ಆದರೆ ಬಿದ್ದು ಎದ್ದ ಅಸಲಿ. ನಾನಂತೂ ಅಂಟಿನ ಗೆರೆಗಳನ್ನು ಹುಡುಕಿ ನೋಡುತ್ತೇನೆ. ಮೊದಲು ಏನೂ ಕಾಣುವುದಿಲ್ಲ, ಐದು ನಿಮಿಷ ನಿಂತರೆ ಕೂದಲೆಳೆಯಂಥ ಒಂದು ಗೆರೆ ಸಿಗುತ್ತದೆ. ಅದು ಸಿಕ್ಕ ಮೇಲೆ ಇನ್ನೊಂದು.

## ಇನ್ನೂ ಕೆದಕುವವರಿಗೆ

ಚಿತ್ರದಲ್ಲಿರೋ ಕಥೆ ಯಾವುದು? ಹಾವು ಹಿಡ್ಕೊಂಡು ಕೂತಿರೋಳು ಯಾರು?

400 ವರ್ಷದಿಂದ ಜಗಳ ನಡೆಯುತ್ತಿದೆ. ಮೊದಲು ಕಾಣುವುದನ್ನು ಹೇಳುತ್ತೇನೆ. ಒಂದು ಮಗ್ಗುಲಲ್ಲಿ, ಕಂಬಗಳ ಬಾಗಿಲಿನಿಂದ ಒಬ್ಬ ಯುವಕ ಅಳುಕುತ್ತಾ ಹೊರಗೆ ಬರುತ್ತಾನೆ. ನೆಲದ ಮೇಲೆ ಕೂತ ಹೆಂಗಸು ಅವನ ತೋಳು ಹಿಡಿದಿದ್ದಾಳೆ. ಅವಳ ತೊಡೆಯ ಹತ್ತಿರ ಹಾವಿನಂಥ ಪ್ರಾಣಿ ತಲೆ ಎತ್ತಿದೆ. ಮೇಲೆ ಪಂಜು ಹಿಡಿದ ಮನ್ಮಥ, ಅಂದರೆ ಕ್ಯುಪಿಡ್, ಹಾರುತ್ತಿದ್ದಾನೆ. ಬಲಕ್ಕೆ ಗಡ್ಡದವನೊಬ್ಬ ಗಲ್ಲಕ್ಕೆ ಕೈ ಕೊಟ್ಟು ನೋಡುತ್ತಾ ನಿಂತಿದ್ದಾನೆ. ಇನ್ನೊಂದು ಮಗ್ಗುಲಲ್ಲಿ, ಬಂಡೆಗಳ ಮೇಲೆ ಒರಗಿದ ಹೆಂಗಸಿನ ಕೈಯಿಂದ ಪಂಜು ಜಾರುತ್ತಿದೆ. ಆಚೆ ಈಚೆ ಒಬ್ಬ ಗಂಡಸು, ಒಬ್ಬ ಹೆಂಗಸು.

ಹಳೆಯ ಮತ್ತು ಹೆಚ್ಚು ಜನ ಹೇಳುವ ಉತ್ತರ: ಇದು ಪೆಲಿಯಸ್ ಎಂಬ ಮನುಷ್ಯನಿಗೂ ಥೆಟಿಸ್ ಎಂಬ ಕಡಲ ದೇವತೆಗೂ ಆದ ಮದುವೆ. ಆ ಪ್ರಾಣಿ ಹಾವಲ್ಲ, ಕಡಲ ಮೃಗ. ಇನ್ನು ಕೆಲವರ ಪ್ರಕಾರ ಇದು ಚಕ್ರವರ್ತಿ ಆಗಸ್ಟಸ್ ಮನೆಯ ಕಥೆ: ಅವನ ತಾಯಿ ಆಟಿಯಾಳ ಹತ್ತಿರ ಅಪೊಲೊ ದೇವರು ಹಾವಿನ ರೂಪದಲ್ಲಿ ಬಂದನಂತೆ. ಮತ್ತೊಂದು ವಾದದಲ್ಲಿ ಹಾವಿನವಳು ಕ್ಲಿಯೋಪಾತ್ರ, ಯುವಕ ಆಂಟನಿ. ಒರಗಿದವಳು ಪ್ರಿಯಕರ ಬಿಟ್ಟುಹೋದ ಅರಿಯಾಡ್ನೆ ಅನ್ನುವವರೂ ಇದ್ದಾರೆ, ಟ್ರಾಯ್ ರಾಣಿ ಹೆಕುಬಾ ಅನ್ನುವವರೂ ಇದ್ದಾರೆ.

ನನ್ನ ಓಟು ಮದುವೆಗೆ. ಕಾರಣ ಆ ಕ್ಯುಪಿಡ್. ಅವನು ಯುವಕನ ಕಡೆ ತಿರುಗಿ, ‘ಬಾ ಬಾ, ಹೆದರಬೇಡ’ ಅನ್ನುವ ಹಾಗಿದೆ. ನಮ್ಮ ದೊಡ್ಡಮ್ಮ ಮಾತ್ರ ಗಡ್ಡದವನನ್ನು ತೋರಿಸಿ, ‘ಇವನು ಹುಡುಗಿ ಕಡೆಯ ಮಾವ, ಖರ್ಚು ಲೆಕ್ಕ ಹಾಕ್ತಾ ಇದಾನೆ’ ಅಂದರು. ವಿದ್ವಾಂಸರು ಅವನನ್ನು ಕಡಲ ದೇವರು ನೆಪ್ಚೂನ್ ಅನ್ನುತ್ತಾರೆ. ದೊಡ್ಡಮ್ಮ ತೀರಾ ದೂರ ಹೋಗಲಿಲ್ಲ.

ಜೊತೆಗೆ ಒಂದು ಬಿಲ್ಲೆ ಬೇರೆ ಇದೆಯಲ್ಲ, ಅದೇನು?

ಪಾತ್ರೆ ಮೊದಲು ಚಪ್ಪಟೆ ತಳದ್ದಾಗಿರಲಿಲ್ಲ, ಕೆಳಗೆ ಮೊನಚಾಗಿತ್ತು ಅಂತ ಹೆಚ್ಚಿನವರ ಊಹೆ. ಯಾವಾಗಲೋ ಆ ತಳ ಮುರಿಯಿತು. ಅಲ್ಲಿಗೆ ಈ ಬಿಲ್ಲೆಯನ್ನು ತೇಪೆ ಹಾಕಿದ್ದರು. ಟೊಪ್ಪಿ ಹಾಕಿ ಬೆರಳನ್ನು ಬಾಯಿಗೆ ತಂದ ಯುವಕನ ತಲೆ ಅದರಲ್ಲಿದೆ, ಟ್ರಾಯ್ ರಾಜಕುಮಾರ ಪ್ಯಾರಿಸ್ ಇರಬೇಕು. ಅದರ ನೀಲಿಯೇ ಬೇರೆ, ಬೇರೆ ಯಾವುದೋ ವಸ್ತುವಿನಿಂದ ಕತ್ತರಿಸಿದ್ದು. 1845ರ ನಂತರ ಅದನ್ನು ಪಾತ್ರೆಗೆ ಅಂಟಿಸಿಲ್ಲ.

ವೆಜ್‌ವುಡ್ ಕಪ್ಪು-ಸಾಸರಿನ ತಳದಲ್ಲಿ ಇದೇ ಚಿತ್ರ ನೋಡಿದ್ದೀನಿ. ಏನು ಸಂಬಂಧ?

ಕುಂಬಾರಿಕೆಯ ದೊಡ್ಡ ಹೆಸರು ಜೊಸಾಯಾ ವೆಜ್‌ವುಡ್. 1786ರಲ್ಲಿ ಡ್ಯೂಕ್ ಅವರಿಂದ ಪಾತ್ರೆಯನ್ನು ಎರವಲು ಪಡೆದು, ಗಾಜಿನಲ್ಲಲ್ಲ, ಜಾಸ್ಪರ್ ಅನ್ನುವ ನಯವಾದ ಮಣ್ಣಿನಲ್ಲಿ ನಕಲು ಮಾಡಲು ಕೂತರು. ಬಿಳಿ ಉಬ್ಬುಚಿತ್ರ ಬಿರಿಯುತ್ತಿತ್ತು, ಗುಳ್ಳೆ ಏಳುತ್ತಿತ್ತು. ಸರಿ ಬರಲು ಮೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಮೊದಲ ಒಳ್ಳೆಯ ನಕಲುಗಳಲ್ಲಿ ಒಂದು ಹೋದದ್ದು ಗೆಳೆಯ ಎರಾಸ್ಮಸ್ ಡಾರ್ವಿನ್‌ಗೆ. ಅವರಿಬ್ಬರ ಮೊಮ್ಮಗನೇ ಚಾರ್ಲ್ಸ್ ಡಾರ್ವಿನ್.

ಇದು ಆಮೇಲಿನವರು ಮಾಡಿದ್ದಲ್ಲ, ರೋಮನ್ನರದ್ದೇ ಅಂತ ಹೇಗೆ ಹೇಳ್ತಾರೆ?

ಒಳ್ಳೆಯ ಅನುಮಾನ. 2003ರಲ್ಲಿ ಅಮೆರಿಕದ ಒಬ್ಬ ತಜ್ಞರೂ ಇದು 16ನೇ ಶತಮಾನದ್ದು ಅಂತ ವಾದಿಸಿದರು. ಹೆಚ್ಚಿನವರು ಒಪ್ಪಲಿಲ್ಲ. ನನಗೆ ಗಟ್ಟಿ ಅನ್ನಿಸುವ ಉತ್ತರ ನೇಪಲ್ಸ್ ಮ್ಯೂಸಿಯಂನಲ್ಲಿದೆ. 1837ರಲ್ಲಿ ಪಾಂಪೆಯ ಸಮಾಧಿಯೊಂದರಲ್ಲಿ ಅದೇ ತರಹದ ನೀಲಿ ಪಾತ್ರೆ ಸಿಕ್ಕಿತು. ಮೇಲೆ ಬಿಳಿ ಕೆತ್ತನೆ, ಕೆಳಗೆ ಮೊನಚು ತಳ. ಪಾಂಪೆ ಊರು ಜ್ವಾಲಾಮುಖಿಯ ಬೂದಿಯಡಿ ಮುಚ್ಚಿಹೋದದ್ದು ಕ್ರಿ.ಶ. 79ರಲ್ಲಿ. 16ನೇ ಶತಮಾನದ ಕಳ್ಳನಕಲಿನವನಿಗೆ ಅದು ಹೇಗೆ ಗೊತ್ತಿರಬೇಕು?

ಇಟಲಿಗೆ ವಾಪಸ್ ಕೊಡಬೇಕಲ್ವಾ? ನಮ್ಮ ಅಮರಾವತಿ ಕಲ್ಲುಗಳೂ ಇಲ್ಲೇ ಇವೆಯಲ್ಲ?

ಅಮರಾವತಿಯದ್ದು ನಮ್ಮ ಮೇಲೆ ಆಳ್ವಿಕೆ ಇದ್ದಾಗ ಹೋದದ್ದು, ಅದರ ಮಾತೇ ಬೇರೆ. ಇದು ಒಡೆಯರು ಮಾರಿದ್ದು, ಕೊಂಡವರು ದುಡ್ಡು ಕೊಟ್ಟದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ನನಗಂತೂ ಮನಸ್ಸು ಬರುವುದಿಲ್ಲ.

ಆ ಕಾಲದಲ್ಲಿ ರೋಮನ್ ಗಾಜು ನಮ್ಮ ಕಡೆಗೂ ಬಂದಿತ್ತಾ?

ಬಂದಿತ್ತು. ಒಂದನೇ ಶತಮಾನದ ‘ಪೆರಿಪ್ಲಸ್’ ಅನ್ನುವ ಗ್ರೀಕ್ ನಾವಿಕರ ಕೈಪಿಡಿಯಲ್ಲಿ ಭರುಚ್‌ಗೆ, ಕೇರಳದ ಮುಜಿರಿಸ್‌ಗೆ ಹಡಗಿನಲ್ಲಿ ಹೋಗುತ್ತಿದ್ದ ಸರಕಿನ ಪಟ್ಟಿ ಇದೆ. ಅದರಲ್ಲಿ ಹಸಿ ಗಾಜೂ ಇದೆ, ಅಂದರೆ ಪಾತ್ರೆ ಮಾಡದ ಗಟ್ಟಿ. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ, ಕೇರಳದ ಪಟ್ಟಣಂನಲ್ಲಿ ರೋಮನ್ ಗಾಜಿನ ಬಟ್ಟಲುಗಳ ಚೂರು ಸಿಕ್ಕಿವೆ. ಅವು ಅಚ್ಚಿನ ಕೆಲಸದ, ಮೈಮೇಲೆ ಏಣುಗಳಿರುವ ಬಟ್ಟಲುಗಳು. ನೀಲಿ-ಬಿಳಿ ಕೆತ್ತನೆಯದ್ದಲ್ಲ.

ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಸಿಕ್ಕಿದ್ದು ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ. ಲಂಡನ್ನಿನ ಈ ಪಾತ್ರೆಯೂ ಅದೇ ಇಬ್ಬರ ಕಾಲದ್ದು. ಚಿತ್ರದುರ್ಗದ ಕಡೆಯವರು ಬಂದಾಗ ನಾನು ಇದನ್ನು ಮೊದಲೇ ಹೇಳುವುದಿಲ್ಲ, ಪೆಟ್ಟಿಗೆಯ ಮುಂದೆ ನಿಲ್ಲಿಸಿ ಆಮೇಲೆ ಹೇಳುತ್ತೇನೆ. ಕಾಫಿ ಮರೆತುಹೋಗುತ್ತದೆ.